ಡಿಕ್ಕಿಯ ನಂತರದ ಆರು ಸೆಕೆಂಡು

ಪುಣೆಯ ಬಾಣೇರಿನಲ್ಲಿರುವ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ನಾನು ಆಟದ ವಿನ್ಯಾಸ ಮಾಡುತ್ತೇನೆ. ಕಾರುಗಳನ್ನು ಬೇಕೆಂದೇ ಗುದ್ದಿಸಿ ಅಂಕ ಗಳಿಸುವ ಮೊಬೈಲ್ ರೇಸಿಂಗ್ ಆಟವೊಂದು ನಮ್ಮ ತಂಡದ ಪಾಲಿಗೆ ಬಂದಾಗ, ಇಂಥ ಆಟಗಳಲ್ಲಿ ಜನರನ್ನು ಸೆಳೆಯುವುದು ಕಾರು ನುಜ್ಜುಗುಜ್ಜಾಗುವ ದೃಶ್ಯವೇ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಬಾನೆಟ್ ಮಡಚಿಕೊಳ್ಳುವುದು, ಗಾಜು ಚೂರಾಗುವುದು, ಕಳಚಿದ ಚಕ್ರ ಉರುಳಿಕೊಂಡು ಹೋಗುವುದು ಇವುಗಳಿಗೇ ಮೂರು ತಿಂಗಳು ಹಿಡಿಯಿತು. ಪ್ರತಿ ಡಿಕ್ಕಿಯನ್ನೂ ಮೂರು ಕೋನಗಳಿಂದ ಆರು ಸೆಕೆಂಡು ತೋರಿಸುತ್ತಿದ್ದೆವು. ತಂಡದ ಕಿರಿಯ ಸಹೋದ್ಯೋಗಿಯೊಬ್ಬಳು ಎರಡನೆಯ ವಾರದಲ್ಲೇ ಈ ಆರು ಸೆಕೆಂಡು ದೀರ್ಘವಾಯಿತು ಎಂದಿದ್ದಳು. ದೃಶ್ಯದ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದು ನಾನು ಅವಳ ಮಾತನ್ನು ಬದಿಗಿಟ್ಟೆ.

ಮೇ ರಜೆಗೆ ಧಾರವಾಡದಿಂದ ಅಕ್ಕನ ಮಗ ಬಂದಿದ್ದ. ಆಟವನ್ನು ಅವನ ಕೈಗೆ ಕೊಟ್ಟೆ. ಮೊದಲ ಡಿಕ್ಕಿಗೆ ಅವನು ಕೂಗಿ ಸಂಭ್ರಮಿಸಿದ, ಎರಡನೆಯದನ್ನು ಸುಮ್ಮನೆ ನೋಡಿದ, ನಾಲ್ಕನೆಯದರ ಹೊತ್ತಿಗೆ ಅವನ ಹೆಬ್ಬೆರಳುಗಳು ಪರದೆಯಿಂದ ಮೇಲೆದ್ದಿದ್ದವು. "ಮಾಮಾ, ಬಡದ ಮ್ಯಾಲ ನಾ ಏನ್ ಮಾಡ್ಲಿ? ಹಿಂಗ ನೋಡ್ಕೋತ ಕುಂದ್ರೂದೇನು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ಉತ್ತರಕ್ಕಾಗಿ ನಾನು ಬರ್ನ್‌ಔಟ್ ಎಂಬ ಕಾರ್ ರೇಸಿಂಗ್ ವಿಡಿಯೋ ಗೇಮ್ ಸರಣಿಯ ಆಟಗಳನ್ನು ಮೊದಲಿನಿಂದ ಮತ್ತೆ ಆಡಿದೆ. ಇಂಗ್ಲೆಂಡಿನ ಕ್ರೈಟೀರಿಯನ್ ಸಂಸ್ಥೆ 2001ರಲ್ಲಿ ಹೊರತಂದ ಮೊದಲ ಆಟದಲ್ಲೇ ಈ ಬಗೆಯ ಆಟದ ಒಳಗುಟ್ಟು ಇದೆ: ಎದುರು ದಿಕ್ಕಿನ ಸಾಲಿನಲ್ಲಿ ನುಗ್ಗಿದರೆ, ಬೇರೆ ವಾಹನಗಳ ಪಕ್ಕದಲ್ಲಿ ಕೂದಲೆಳೆಯಷ್ಟು ಅಂತರದಲ್ಲಿ ದಾಟಿದರೆ ಬೂಸ್ಟ್ ಎಂಬ ಹೆಚ್ಚುವರಿ ಶಕ್ತಿ ತುಂಬುತ್ತದೆ, ಆ ಬೂಸ್ಟಿನಿಂದ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಡಿಕ್ಕಿಯ ಸಂಭವವೂ ಹೆಚ್ಚುತ್ತದೆ. ಅಲ್ಲಿ ಡಿಕ್ಕಿಯೆಂದರೆ ದುಡುಕಿಗೆ ತೆರುವ ದಂಡ. 2002ರ ಎರಡನೆಯ ಆಟದಲ್ಲಿ ಸೇರಿದ ಕ್ರ್ಯಾಶ್ ಮೋಡ್‌ನಲ್ಲಿ ವಾಹನ ದಟ್ಟಣೆಯ ನಡುವೆ ಕಾರನ್ನು ನುಗ್ಗಿಸಿ, ಆದ ಹಾನಿಯ ಮೊತ್ತವನ್ನೇ ಅಂಕವಾಗಿ ಎಣಿಸಲಾಯಿತು. ಆದರೆ ನನ್ನ ಕಣ್ಣು ತೆರೆಸಿದ್ದು 2004ರ ಮೂರನೆಯ ಆಟ. ಎದುರಾಳಿಯನ್ನು ಗುದ್ದಿ ಉರುಳಿಸಿದರೆ ಅದರಲ್ಲಿ ಬೂಸ್ಟ್ ಬಹುಮಾನವಾಗಿ ಸಿಗುತ್ತದೆ. ನಮ್ಮದೇ ಕಾರು ಉರುಳಿದಾಗ ಕಾಲ ನಿಧಾನಗೊಂಡು, ಗಾಳಿಯಲ್ಲಿ ತೇಲುವ ಆ ಮುದ್ದೆಯನ್ನು ಹಿಂದಿನಿಂದ ಬರುವ ಎದುರಾಳಿಯ ದಾರಿಗೆ ಅಡ್ಡ ತಿರುಗಿಸಲು ಬರುತ್ತದೆ. ಆಫ್ಟರ್‌ಟಚ್ ಎಂದು ಅದರ ಹೆಸರು. ಕಾರು ಕೈತಪ್ಪಿದರೂ ಆಟ ಕೈತಪ್ಪುವುದಿಲ್ಲ. ಧಾರವಾಡದ ಹುಡುಗ ಕೇಳಿದ್ದು ಇದನ್ನೇ.

ನಾವು ಆರು ಸೆಕೆಂಡನ್ನು ಎರಡಕ್ಕೆ ಇಳಿಸಿ, ಆ ಎರಡೂ ಸೆಕೆಂಡುಗಳಲ್ಲಿ ಕಾರನ್ನು ವಾಲಿಸುವ ಅಧಿಕಾರವನ್ನು ಆಡುವವರಿಗೆ ಕೊಟ್ಟು, ಮುಗಿದ ಕೂಡಲೇ ಕಾರನ್ನು ಓಡುವ ಸ್ಥಿತಿಯಲ್ಲೇ ಮತ್ತೆ ರಸ್ತೆಗಿಳಿಸಿದೆವು. ಮೂರು ಕೋನಗಳ ಕ್ಯಾಮೆರಾ ಕೆಲಸವನ್ನು ಪೂರ್ತಿ ಕೈಬಿಡಬೇಕಾಯಿತು. ಆ ಕಿರಿಯ ಸಹೋದ್ಯೋಗಿಯ ಬಳಿ ಹೋಗಿ, ನೀನು ಹೇಳಿದ್ದೇ ಸರಿ ಎಂದು ತಂಡದ ಎದುರಿನಲ್ಲೇ ಒಪ್ಪಿಕೊಂಡೆ.

ಇನ್ನೊಂದು ತಪ್ಪನ್ನು ಗುರುತಿಸಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ನೈಜತೆಗಾಗಿ ಕಾರಿನೊಳಗೆ ಚಾಲಕನ ಆಕೃತಿಯನ್ನು ಕೂರಿಸಿದ್ದೆವು. ಊರಿಗೆ ಹೋಗುವಾಗಲೆಲ್ಲ ನಾನು ಪುಣೆಯ ಹೆದ್ದಾರಿಯಲ್ಲಿರುವ ನವಲೆ ಸೇತುವೆಯ ಮೇಲೆ ಹೋಗುತ್ತೇನೆ. ಕಾತ್ರಜ್ ಹೊಸ ಸುರಂಗದಿಂದ ಅಲ್ಲಿಗೆ ಇಳಿಯುವ ಉದ್ದನೆಯ ಇಳಿಜಾರಿನಲ್ಲಿ ನಿಯಂತ್ರಣ ತಪ್ಪಿದ ಲಾರಿಗಳಿಂದ ಮತ್ತೆ ಮತ್ತೆ ಅಪಘಾತಗಳಾಗಿ ಜನ ಸತ್ತಿದ್ದಾರೆ. ಪರದೆಯ ಮೇಲಿನ ಡಿಕ್ಕಿ ಹಗುರಾಗಿ ಕಾಣುವುದು ಅದರಲ್ಲಿ ಯಾರಿಗೂ ನೋವಾಗುವುದಿಲ್ಲ ಎಂಬ ಭರವಸೆ ಇರುವುದರಿಂದ. 2008ರ ಬರ್ನ್‌ಔಟ್ ಪ್ಯಾರಡೈಸ್ ಆಟದ ಕಾರುಗಳಲ್ಲಿ ಚಾಲಕರೇ ಕಾಣಿಸುವುದಿಲ್ಲ. ನಮ್ಮ ಆಟದಿಂದಲೂ ಆ ಆಕೃತಿಯನ್ನು ಅದೇ ವಾರ ತೆಗೆದು, ಕಿಟಕಿಗಳಿಗೆ ಕಪ್ಪು ಗಾಜು ಹಾಕಿದೆವು.