ಮಾರ್ಕಿಂಗ್ ದಿನ ಏನನ್ನು ಬಿಡಬೇಕು: ನಾಟಾ ತೋಪಿನ ಜೀವವೈವಿಧ್ಯದ ಲೆಕ್ಕ

ನಾಟಾಕ್ಕೆಂದು ಬೆಳೆಸಿದ ತೋಪಿನಲ್ಲಿ ಹಕ್ಕಿ, ಹುಳ, ಅಣಬೆ ಎಷ್ಟು ಉಳಿಯುತ್ತವೆ ಎಂಬುದು ಗರಗಸ ಬರುವ ದಿನ ತೀರ್ಮಾನವಾಗುವುದಿಲ್ಲ. ಅದಕ್ಕೂ ಮೊದಲು, ಬಣ್ಣದ ಡಬ್ಬಿ ಹಿಡಿದು ಮರಗಳಿಗೆ ಗುರುತು ಹಾಕುವ ದಿನವೇ ಆಗಿಹೋಗಿರುತ್ತದೆ. ಯಾವ ಜಾತಿ ನೆಡಬೇಕಿತ್ತು ಎಂಬ ವಾದ ಎಲ್ಲರಿಗೂ ಇಷ್ಟ. ಆದರೆ ನೆಟ್ಟು ಹದಿನೈದು ವರ್ಷವಾದ ತೋಪಿನಲ್ಲಿ ಆ ವಾದದಿಂದ ಏನೂ ಬದಲಾಗದು. ಮಾರ್ಕಿಂಗ್ ಮಾತ್ರ ಇನ್ನೂ ನಮ್ಮ ಕೈಯಲ್ಲಿದೆ.

ಥಿನ್ನಿಂಗಿನ, ಅಂದರೆ ಉಳಿದವು ದಪ್ಪವಾಗಲೆಂದು ನಡುನಡುವೆ ಕೆಲವು ಮರ ತೆಗೆಯುವ ಕೆಲಸದ, ಪಾಠ ಎಲ್ಲ ಕಡೆ ಒಂದೇ: ಸೊಟ್ಟ ಮರ, ಕವಲೊಡೆದದ್ದು, ತುದಿ ಮುರಿದದ್ದು, ಪೊಟರೆ ಬಿದ್ದದ್ದು, ತೊಗಟೆ ಸಡಿಲವಾದದ್ದು, ನಿಂತೇ ಒಣಗಿದ್ದು ಮೊದಲು ಹೋಗಬೇಕು. ಈ ದೋಷಗಳ ಪಟ್ಟಿಯನ್ನು ಜೀವಿಗಳ ಕಡೆಯಿಂದ ಓದಿದರೆ ಅದೇ ಮನೆಗಳ ಪಟ್ಟಿ. ಮರಕುಟಿಗ ತಾನೇ ಕೊರೆದುಕೊಳ್ಳುತ್ತದೆ. ಗೂಬೆ, ಬಾವಲಿ, ಹಾರುವ ಅಳಿಲು, ಜೇನು ಕೊರೆಯಲಾರವು, ಅದು ಬಿಟ್ಟುಹೋದ ತೂತಿಗೋ ಕೊಂಬೆ ಮುರಿದು ಕೊಳೆತ ಪೊಟರೆಗೋ ಕಾಯುತ್ತವೆ. ಎರಡು ಮೂರು ಥಿನ್ನಿಂಗ್ ಶಿಸ್ತಾಗಿ ಮುಗಿದ ತೋಪಿನಲ್ಲಿ ನೆಟ್ಟಗಿನ, ನಯವಾದ, ಒಂದೇ ದಪ್ಪದ ಕಂಬಗಳಷ್ಟೇ ಉಳಿದಿರುತ್ತವೆ. ಕಣ್ಣಿಗೆ ಚೆಂದ, ಗೂಡಿಗೆ ಜಾಗವಿಲ್ಲ. ವಿಚಿತ್ರವೆಂದರೆ ಟೊಳ್ಳು ಮರ ಹೆಚ್ಚೆಂದರೆ ಸೌದೆಯ ಬೆಲೆಗೆ ಹೋಗುವಂಥದ್ದು. ಅದನ್ನು ಬಿಟ್ಟರೆ ಕಳೆದುಕೊಳ್ಳುವುದು ತೀರ ಕಡಿಮೆ.

ನಾವು ಇಟ್ಟುಕೊಳ್ಳುವ ಗುರಿ ಹೆಕ್ಟೇರಿಗೆ ಇಂಥ 5ರಿಂದ 10 ಮರ ಬಿಡುವುದು. ಎಳೆಯ ತೋಪಿನಲ್ಲಿ ಪೊಟರೆ ಮರ ಸಿಗುವುದಿಲ್ಲ, ಆಗ ಮುಂದೆ ಅಂಥದ್ದಾಗಬಲ್ಲವನ್ನು ಆರಿಸಬೇಕು: ದಪ್ಪ ಬುಡದ್ದು, ಕೆಳಗಿನಿಂದಲೇ ಕೊಂಬೆ ಹರಡಿದ್ದು, ತಾನಾಗಿ ಹುಟ್ಟಿದ ಬೇರೆ ಜಾತಿಯದ್ದು. ಏಳೆಂಟು ವರ್ಷಕ್ಕೆ ಪೂರ್ತಿ ಕಟಾವಾಗುವ ಪಲ್ಪ್ (ಕಾಗದದ ತಿರುಳಿನ) ತೋಪಿನಲ್ಲಿ ಪೊಟರೆ ಬೀಳುವಷ್ಟು ವಯಸ್ಸು ಯಾವ ಮರಕ್ಕೂ ಬಾರದು. ಅಲ್ಲಿ ಆರಿಸಿದ ಮರಗಳನ್ನು ಒಂದು ಕಟಾವಿಗಲ್ಲ, ಮುಂದಿನ ನಾಲ್ಕೈದು ಕಟಾವುಗಳಿಗೂ ಸೇರಿಸಿ ಬಿಡಬೇಕು. ನಕ್ಷೆಯಲ್ಲಿ ಜಿಪಿಎಸ್ ಬಿಂದುವಾಗಿ ದಾಖಲಿಸದಿದ್ದರೆ ಮುಂದಿನ ಮೇಲ್ವಿಚಾರಕ ಅದನ್ನು ಹಿಂದಿನವರು ಮರೆತ ಮರ ಎಂದುಕೊಂಡು ಕಡಿಸುತ್ತಾನೆ.

ಗುರುತಿನಲ್ಲಿ ಆಗುವ ತಪ್ಪುಗಳು ಸಣ್ಣವು, ನಷ್ಟ ದೊಡ್ಡದು. ಕಡಿಯುವ ಮರಕ್ಕೂ ಬಿಡುವ ಮರಕ್ಕೂ ಒಂದೇ ಬಣ್ಣದಲ್ಲಿ ಬೇರೆ ಬೇರೆ ಚಿಹ್ನೆ ಹಾಕುವುದು ಮೊದಲನೆಯದು. ಮಳೆ, ಪಾಚಿ, ಸಂಜೆ ಬೆಳಕು ಸೇರಿದರೆ ಗೀಟು ಯಾವುದು, ಗುಣಿಸು ಚಿಹ್ನೆ ಯಾವುದು ತಿಳಿಯದು. ಎರಡು ಬಣ್ಣ ಇರಲಿ. ಬಿಡುವ ಮರಕ್ಕೆ ಎದೆಮಟ್ಟದಲ್ಲಿ ಸುತ್ತಲೂ ಪಟ್ಟಿ ಬಳಿಯಬೇಕು, ಏಕೆಂದರೆ ಗರಗಸದವರು ನಾವು ನಡೆದ ದಿಕ್ಕಿನಿಂದಲೇ ಬರುತ್ತಾರೆಂಬ ಖಾತ್ರಿಯಿಲ್ಲ. ಕಡಿಯುವ ಮರಕ್ಕೆ ಎದೆಮಟ್ಟದಲ್ಲೊಂದು, ನೆಲಕ್ಕೆ ಅಂಟಿದಂತೆ ಬುಡದಲ್ಲೊಂದು ಗುರುತು. ಕಟಾವಾದ ಮೇಲೆ ಬುಡದ ಗುರುತಿಲ್ಲದ ಬೊಡ್ಡೆ ಕಂಡರೆ ಅದು ತಪ್ಪಾಗಿ ಹೋದ ಮರ.

ಒಣಗಿ ನಿಂತ ಮರದ ಬಗ್ಗೆ ಗರಗಸದವರ ಭಯ ನ್ಯಾಯವಾದದ್ದು. ಪಕ್ಕದ ಮರ ಬೀಳುವಾಗಿನ ಅದುರಿಗೇ ಅದರ ತುದಿ ಕಳಚಿ ಬೀಳಬಹುದು. ಆದ್ದರಿಂದ ಅಂಥ ಮರಗಳನ್ನು ಒಂಟೊಂಟಿಯಾಗಿ ಚದುರಿಸಿ ಬಿಡಬೇಡಿ. ಸುತ್ತ ಬದುಕಿದ ಮರಗಳ ಗುಂಪನ್ನೂ ಸೇರಿಸಿ ಬಿಟ್ಟು, ಆ ಗುಂಪಿನೊಳಗೆ ಕೆಲಸವೇ ಇಲ್ಲವೆಂದು ಮಾಡಿ. ದಾರಿ, ಲೋಡಿಂಗ್ ಜಾಗ, ಜನ ಕೂರುವ ಜಾಗದಿಂದ ಕನಿಷ್ಠ ಎರಡು ಮರದುದ್ದ ದೂರವಿರಲಿ. ದಾರಿಯ ಅಂಚಿನದ್ದಾದರೆ ಮುಲಾಜಿಲ್ಲದೆ ಕೆಡವಿ, ದಿಮ್ಮಿಯನ್ನು ಒಳಗೆ ಎಳೆದು ಬಿಡಿ.

ಸತ್ತ ಮರವನ್ನು ಕಸವೆಂದು ಎಣಿಸುವ ಅಭ್ಯಾಸವೇ ನಮ್ಮ ಕಸುಬಿನ ದೊಡ್ಡ ಗಂಟು. ಫಿನ್ಲೆಂಡಿನ ಕಾಡುಜೀವಿಗಳಲ್ಲಿ ಶೇ. 20–25, ಅಂದರೆ 4,000ದಿಂದ 5,000 ಪ್ರಭೇದಗಳು, ಒಂದಲ್ಲ ಒಂದು ಹಂತದಲ್ಲಿ ಸತ್ತ ಮರವನ್ನೇ ನೆಚ್ಚಿವೆ. ಯೂರೋಪಿನ ಕಾಡುಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2010ರ ಒಂದು ಪರಿಶೀಲನೆಯಲ್ಲಿ, ಬಹುತೇಕ ಜೀವಿಗುಂಪುಗಳಿಗೆ ಬೇಕಾದ ಮಟ್ಟ ಹೆಕ್ಟೇರಿಗೆ 20ರಿಂದ 50 ಘನ ಮೀಟರು ಎಂದು ಕಂಡಿತು. ನಡುಭಾಗದಲ್ಲಿ 40 ಸೆಂ.ಮೀ. ವ್ಯಾಸ, 5 ಮೀ. ಉದ್ದದ ದಿಮ್ಮಿ ಸುಮಾರು 0.63 ಘನ ಮೀಟರು. 20 ಘನ ಮೀಟರಿಗೆ ಅಂಥವು 32 ಬೇಕು. ಒಂದೇ ಕಟಾವಿನಲ್ಲಿ ಅಷ್ಟನ್ನು ಬಿಡಲು ಯಾವ ಮಾಲೀಕನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಪ್ರತಿ ಥಿನ್ನಿಂಗಿನಲ್ಲಿ ನಾಲ್ಕೈದು ಬಿಟ್ಟರೆ ಹೊಸದು, ಅರೆಕೊಳೆತದ್ದು, ಪುಡಿಯಾದದ್ದು ಎಲ್ಲ ಹಂತವೂ ತೋಪಿನಲ್ಲಿ ಒಟ್ಟಿಗೆ ಸಿಗುತ್ತವೆ. ಒಂದೇ ಹಂತದ ಐವತ್ತು ದಿಮ್ಮಿಗಿಂತ ಇದು ಮೇಲು. ಗೆದ್ದಲು, ತೇವ, ಸೆಖೆ ಇರುವಲ್ಲಿ ದಿಮ್ಮಿ ಬೇಗ ಕರಗುವುದರಿಂದ ಯೂರೋಪಿನ ಅಂಕಿಯನ್ನು ಹಾಗೆಯೇ ತಂದಿಡಬಾರದು. ಅಂಥ ಸೆಖೆಯ ಜಾಗಗಳಲ್ಲಿ ಒಟ್ಟು ರಾಶಿಗಿಂತ ಸರಬರಾಜು ನಿಲ್ಲದಿರುವುದು ಮುಖ್ಯ.

ಖರ್ಚಿಲ್ಲದೆ ಬಿಡಬಹುದಾದ್ದು ಬುಡದ ತುಂಡು. ಮರ ಕೆಡವಿದಾಗ ಬುಡದಲ್ಲಿ ಕೊಳೆತ ಕಂಡರೆ, ಗಟ್ಟಿ ಮರ ಸಿಗುವವರೆಗಿನ ಒಂದೆರಡು ಮೀಟರನ್ನು ಕೊಯ್ದು ಅಲ್ಲೇ ಬಿಡಿ. ಹೇಗಿದ್ದರೂ ಅದು ಡಿಪೋದಲ್ಲಿ ತಿರಸ್ಕಾರವಾಗುವ ಮಾಲು. ಹಾರ್ವೆಸ್ಟರ್ (ಮರ ಕಡಿಯುವ ಯಂತ್ರ) ಇದ್ದಲ್ಲಿ ಕೆಲವು ಮರಗಳನ್ನು 3ರಿಂದ 5 ಮೀ. ಎತ್ತರದಲ್ಲಿ ಕತ್ತರಿಸಿ ಎತ್ತರದ ಕೊರಡಾಗಿ ನಿಲ್ಲಿಸಬಹುದು. ಸ್ವೀಡನ್ನಿನಲ್ಲಿ ಇದು ದಿನನಿತ್ಯದ ಕೆಲಸ. ಕೈಗರಗಸದಿಂದ ಆ ಎತ್ತರಕ್ಕೆ ಪ್ರಯತ್ನಿಸುವುದು ಜೀವಕ್ಕೆ ಅಪಾಯ. ಬದಲಿಗೆ ಮರ ನಿಂತೇ ಒಣಗುವಂತೆ ಗರ್ಡ್ಲಿಂಗ್ ಮಾಡಿ: ಸುಮಾರು 15 ಸೆಂ.ಮೀ. ಅಗಲ ತೊಗಟೆಯನ್ನು, ಅದರ ಕೆಳಗಿನ ಒಂದೆರಡು ಸೆಂ.ಮೀ. ಬಿಳಿಮರದ ಸಮೇತ, ಪೂರ್ತಿ ಸುತ್ತು ತೆಗೆಯಬೇಕು. ಬೆರಳಗಲದ ತೊಗಟೆ ಉಳಿದರೂ ಸಾಕು, ಮರ ಅಲ್ಲಿಂದಲೇ ಬೆಸೆದುಕೊಂಡು ಬದುಕುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಖಂಡಿತ ಬರುತ್ತವೆ. ಮೊದಲನೆಯದು, ಸತ್ತ ಮರ ಬಿಟ್ಟರೆ ತೊಗಟೆ ಹುಳ ಹೆಚ್ಚಿ ಬದುಕಿದ ಮರಗಳಿಗೂ ಹರಡುತ್ತದೆ ಎಂಬುದು. ಸ್ಪ್ರೂಸ್, ಪೈನ್ ತೋಪುಗಳಲ್ಲಿ ಇದು ನಿಜವಾದ ಭಯ. ಆದರೆ ಆ ಹುಳಗಳು ಮರಿ ಮಾಡುವುದು ಹಸಿ ಒಳತೊಗಟೆಯಲ್ಲಿ. ತೊಗಟೆ ಕಳಚಿ ಬಿದ್ದ ಹಳೆಯ ಕೊರಡಿನಿಂದ ಅಪಾಯವಿಲ್ಲ. ಹಸಿ ದಿಮ್ಮಿಯನ್ನು ದಾರಿಬದಿ ತಿಂಗಳುಗಟ್ಟಲೆ ರಾಶಿ ಹಾಕಿ, ಶುಚಿತ್ವದ ಹೆಸರಲ್ಲಿ ಒಣಕೊರಡುಗಳನ್ನು ಗುಡಿಸಿ ಸಾಗಿಸುವುದನ್ನು ಕಾಣುತ್ತೇವೆ. ಇದು ತಲೆಕೆಳಗಾದ ಕೆಲಸ. ಎರಡನೆಯದು ಬೆಂಕಿ. ಬೆಂಕಿಯನ್ನು ಓಡಿಸುವುದು ತರಗೆಲೆ, ಹುಲ್ಲು, ಬೆರಳು ದಪ್ಪದ ಕಡ್ಡಿ. ನೆಲಕ್ಕೆ ಅಂಟಿದ ದಪ್ಪ ದಿಮ್ಮಿ ತೇವ ಹಿಡಿದು ನಿಧಾನವಾಗಿ ಹೊತ್ತುತ್ತದೆ. ಆದರೆ ಹೊತ್ತಿದರೆ ದಿನಗಟ್ಟಲೆ ಹೊಗೆಯಾಡಿ ಕಿಡಿ ಉಗುಳುತ್ತದೆ, ಹಾಗಾಗಿ ಬೆಂಕಿರೇಖೆಯ ಹತ್ತಿರ ಮಾತ್ರ ಬೇಡ.

ಥಿನ್ನಿಂಗಿನ ಪ್ರಮಾಣಕ್ಕೆ ಬಂದರೆ, ತಡಮಾಡಿ ಒಮ್ಮೆಲೇ ಹೆಚ್ಚು ತೆಗೆಯುವುದು ಅತಿ ಕೆಟ್ಟ ಆಯ್ಕೆ. 20 ಮೀ. ಎತ್ತರ, 20 ಸೆಂ.ಮೀ. ದಪ್ಪವಿರುವ ಮರದ ಎತ್ತರ–ವ್ಯಾಸದ ಅನುಪಾತ 100. ಅಂಥವು ಪಕ್ಕದವರ ಆಸರೆಯಲ್ಲೇ ನಿಂತಿರುತ್ತವೆ, ಆಸರೆ ಹೋದ ವರ್ಷವೇ ಗಾಳಿಗೆ ಬಾಗುತ್ತವೆ. ನೆಲಕ್ಕೆ ಥಟ್ಟನೆ ಬಿಸಿಲು ಬಿದ್ದಲ್ಲಿ ಲಂಟಾನಾದಂಥ ಕಳೆ ನುಗ್ಗಿ, ಕಾಡುಸಸಿಗೆ ಎದ್ದುಕೊಳ್ಳಲು ಬಿಡುವುದಿಲ್ಲ. ತೆಗೆಯುವುದನ್ನು ಬೇಸಲ್ ಏರಿಯಾದ (ಎದೆಮಟ್ಟದಲ್ಲಿ ಎಲ್ಲ ಕಾಂಡಗಳ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ) ಕಾಲು ಭಾಗದೊಳಗೆ ನಿಲ್ಲಿಸಿ, ಸ್ವಲ್ಪ ಬೇಗ ಮತ್ತೆ ಬರುವುದು ಒಳ್ಳೆಯದು. ತೆಗೆಯುವುದೂ ಸಮನಾಗಿ ಬೇಡ: ಅಲ್ಲೊಂದು ಇಲ್ಲೊಂದು ಸಣ್ಣ ಬಯಲು, ನಡುವೆ ಗರಗಸ ಮುಟ್ಟದ ದಟ್ಟ ತುಣುಕು ಇದ್ದರೆ ಬೆಳಕು ಬೇಡುವವಕ್ಕೂ ನೆರಳು ಬೇಡುವವಕ್ಕೂ ಜಾಗ.

ಕಳೆ ಕೀಳುವ ವಿಷಯದಲ್ಲಿ ಒಂದು ಗುಣಾಕಾರ ಸಾಕು. 3×2 ಮೀ. ಅಂತರದಲ್ಲಿ ಹೆಕ್ಟೇರಿಗೆ 1,666 ಸಸಿ. ಪ್ರತಿ ಸಸಿಯ ಸುತ್ತ 1 ಮೀ. ವ್ಯಾಸದ ಉಂಗುರ ಮಾತ್ರ ಬಿಡಿಸಿದರೆ ಒಟ್ಟು ಸುಮಾರು 1,300 ಚದರ ಮೀಟರು, ಅಂದರೆ ನೆಲದ ಶೇ. 13. ಪೂರ್ತಿ ಸವರಿದರೆ ಶೇ. 100, ಕೂಲಿಯೂ ಅಷ್ಟೇ ಏರುತ್ತದೆ. ಸಾಲಿನ ನಡುವಿನ ಪೊದೆ ಉಳಿದರೆ ಕಪ್ಪೆ, ಓತಿ, ನೆಲಗೂಡಿನ ಹಕ್ಕಿ ಉಳಿಯುತ್ತವೆ. ಬಳ್ಳಿ ಸಸಿಗೆ ಸುತ್ತಿಕೊಳ್ಳುವ ಕಡೆ ಮಾತ್ರ ಈ ಸಡಿಲಿಕೆ ನಡೆಯದು.

ಯಂತ್ರದ ದಾರಿಗೂ ಇಂಥದ್ದೇ ಲೆಕ್ಕ. ಮಣ್ಣು ಗಟ್ಟಿಯಾಗುವುದರ ಬಹುಪಾಲು ಮೊದಲ ಒಂದೆರಡು ಓಡಾಟದಲ್ಲೇ ಆಗಿಬಿಡುತ್ತದೆ. ಹಾಗಾಗಿ ಎಲ್ಲ ಕಡೆ ಒಂದೊಂದು ಸಲ ಓಡಿಸುವುದಕ್ಕಿಂತ ಒಂದೇ ದಾರಿಯಲ್ಲಿ ಹತ್ತು ಸಲ ಓಡಿಸುವುದು ಲೇಸು. 4 ಮೀ. ಅಗಲದ ದಾರಿ ಪ್ರತಿ 20 ಮೀಟರಿಗೊಂದು ಇದ್ದರೆ ತೋಪಿನ ಶೇ. 20 ಹೋಯಿತು, 40 ಮೀಟರಿಗೊಂದಾದರೆ ಶೇ. 10, ಆದರೆ ನಡುವಿನ ದಿಮ್ಮಿಗೆ ವಿಂಚಿನ (ಉಕ್ಕಿನ ಹಗ್ಗ ಸುತ್ತಿ ಎಳೆಯುವ ಯಂತ್ರದ) ಎಳೆತ ಬೇಕಾಗುತ್ತದೆ. ದಾರಿಗಳನ್ನು ಮುಂದಿನ ಕಟಾವಿಗೂ ಅವನ್ನೇ ಬಳಸುವಂತೆ ನಕ್ಷೆಗೆ ಏರಿಸಿ, ಮೆತ್ತಗಿನ ಜಾಗದಲ್ಲಿ ಕೊಂಬೆರೆಂಬೆಯ ಹಾಸು ಹಾಕಿ. ಮುಷ್ಟಿಯಲ್ಲಿ ಹಿಂಡಿದ ಮಣ್ಣಿನಿಂದ ನೀರು ಜಿನುಗಿದರೆ ಅಂದು ಯಂತ್ರ ನಿಲ್ಲಲಿ. ಹಳ್ಳದ ದಡಗಳಿಗೆ ಯಂತ್ರವೂ ಬೇಡ, ಸೊಪ್ಪುಸದೆ ತಳ್ಳುವುದೂ ಬೇಡ. ಗೂಡು ಕಟ್ಟುವ ತಿಂಗಳುಗಳಲ್ಲಿ ಕಟಾವನ್ನೇ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ಮಾಡಿಯೂ ಗುತ್ತಿಗೆ ಕಾಗದ ಘನ ಮೀಟರಿಗೆ ಇಷ್ಟು ಎಂದಷ್ಟೇ ಹೇಳಿದರೆ ದಪ್ಪ ಮರದ ಮೇಲೆಯೇ ಗರಗಸದ ಕಣ್ಣು. ಪಟ್ಟಿ ಬಳಿದ ಪ್ರತಿ ಮರಕ್ಕೆ ದಂಡದ ಮೊತ್ತ, ಗೊತ್ತಾದ ದಾರಿ ಬಿಟ್ಟು ಓಡಿಸಿದ್ದಕ್ಕೆ ಪ್ರತ್ಯೇಕ ಮೊತ್ತ ಬರೆದಿರಬೇಕು, ಹಣ ಪಾವತಿಗೆ ಮೊದಲು ಬೊಡ್ಡೆಗಳ ತಪಾಸಣೆ ಆಗಬೇಕು. ಜಾತಿಗಳ ಎಣಿಕೆಗೆ 12.62 ಮೀ. ತ್ರಿಜ್ಯದ ವೃತ್ತಗಳನ್ನು ಕಟಾವಿಗೂ ಮೊದಲೇ ಗೂಟ ಹೊಡೆದು ಗುರುತಿಸಿ; ಒಂದೊಂದೂ 500 ಚದರ ಮೀಟರು. ಪ್ರತಿ ವರ್ಷ ಅದೇ ತಿಂಗಳಲ್ಲಿ ಅಲ್ಲಿಗೇ ಹೋಗಿ. ಥಿನ್ನಿಂಗ್ ಆದ ಮೊದಲ ವರ್ಷಗಳಲ್ಲಿ ಗಿಡಗಳ ಜಾತಿಸಂಖ್ಯೆ ಬಹುಮಟ್ಟಿಗೆ ಏರುತ್ತದೆ, ವರದಿಯಲ್ಲಿ ಅದು ಗೆಲುವಿನಂತೆ ಕಾಣುತ್ತದೆ. ಏರಿದ್ದರಲ್ಲಿ ಬಯಲಿನ ಹುಲ್ಲು, ಕಳೆ ಎಷ್ಟು, ನೆರಳಿನ ಕಾಡುಗಿಡ ಎಷ್ಟು ಎಂದು ಎರಡು ಕಾಲಂ ಮಾಡಿ ಬರೆದುಕೊಳ್ಳಿ.