ಮರಡಿಹಳ್ಳಿ ಕಡಲ ತಳವಾಗಿದ್ದ ಕಾಲ

ಚಿತ್ರದುರ್ಗಕ್ಕೆ ಶಾಲಾ ಪ್ರವಾಸ ಅಂದರೆ ಕೋಟೆ, ಓಬವ್ವನ ಕಿಂಡಿ, ಚಂದ್ರವಳ್ಳಿ ನೋಡಿ ಬಸ್ಸು ವಾಪಸ್. ಈ ಸಲ ಎಂಟನೇ ತರಗತಿ ಮಕ್ಕಳ ಜೊತೆ ಹೊರಟಾಗ ಮರಡಿಹಳ್ಳಿಯನ್ನೂ ಸೇರಿಸಿಕೊಂಡೆವು. ಶಿಲೆಗಳ ಪಾಠವನ್ನು ಕಲ್ಲಿನ ಎದುರೇ ನಿಂತು ಮಾಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಬೆಳಿಗ್ಗೆ ಬಿಸಿಲೇರುವ ಮೊದಲೇ ಕೋಟೆ ಹತ್ತಿದೆವು. ಮಕ್ಕಳಿಗೆ ಒಂದೇ ಕೆಲಸ ಕೊಟ್ಟಿದ್ದೆ: ಬಂಡೆಗೆ ಕಣ್ಣು ಹತ್ತಿರ ತಂದು ಹರಳು ಹುಡುಕಿ. ಬೂದು ಬಣ್ಣದ ಬೆಣಚು, ಬಿಳಿ ಅಥವಾ ನಸುಗೆಂಪು ಫೆಲ್ಡ್‌ಸ್ಪಾರ್, ಮಿಣಮಿಣ ಅನ್ನುವ ಕಾಗೆಬಂಗಾರ. ಇದು ಗ್ರಾನೈಟ್. ಕರಗಿದ ಕಲ್ಲು ನೆಲದ ಮೇಲೆ ಬರದೆ, ಕಿಲೋಮೀಟರುಗಟ್ಟಲೆ ಆಳದಲ್ಲೇ ನಿಧಾನವಾಗಿ ತಣಿದರೆ ಹೀಗಾಗುತ್ತದೆ. ಕಲ್ಲುಸಕ್ಕರೆ ಮಾಡುವಾಗ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಬಿಡುತ್ತಾರಲ್ಲ, ಹಾಗೆ. ಹರಳು ಬೆಳೆಯೋಕೆ ಸಮಯ ಬೇಕು.

"ಮಿಸ್, ಆಳದಲ್ಲಿದ್ದದ್ದು ಇಷ್ಟು ಎತ್ತರಕ್ಕೆ ಹೇಗೆ ಬಂತು?" ಎಂದು ಒಬ್ಬಳು ಕೇಳಿದಳು. ನನಗೆ ಬೇಕಿದ್ದ ಪ್ರಶ್ನೆಯೇ ಅದು. ನೆಲ ಮೇಲೆದ್ದಿತು. ಮೇಲೆ ಹೊದ್ದಿದ್ದ ಕಲ್ಲನ್ನು ಮಳೆ, ಬಿಸಿಲು, ಗಾಳಿ ಕೋಟ್ಯಂತರ ವರ್ಷ ಸವೆಸಿದವು. ಬಂಡೆ ಬಿರುಕು ಬಿಟ್ಟ ಕಡೆ ನೀರು ಇಳಿಯಿತು. ಎರಡು ಮೂರು ಕಡೆಯಿಂದ ಪೆಟ್ಟು ತಿನ್ನುವ ಮೂಲೆಗಳು ಮೊದಲು ಸವೆದವು, ಬಂಡೆ ಗುಂಡಗಾಯಿತು. ಈ ಗುಂಡುಬಂಡೆಗಳ ನಡುವಿನ ಸಂದಿಗೇ ಗೋಡೆ ಸೇರಿಸಿ ಕೋಟೆ ಕಟ್ಟಿದ್ದಾರೆ.

ಆಮೇಲೆ ಹಿರಿಯೂರಿನ ದಾರಿ ಹಿಡಿದೆವು. ಮರಡಿಹಳ್ಳಿ ಇರುವುದು ಚಿತ್ರದುರ್ಗದಿಂದ ಸುಮಾರು 16 ಕಿ.ಮೀ. ದೂರದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇಲ್ಲಿನ ಕಲ್ಲನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ದೂರದಿಂದ ನೋಡಿದರೆ ಸುಮ್ನೆ ಒಂದು ಕಲ್ಲುಗುಡ್ಡ. ಹತ್ತಿರ ಹೋದರೆ ದಿಂಬುಗಳನ್ನು ಒಂದರ ಮೇಲೊಂದು ಒತ್ತಿ ಪೇರಿಸಿದಂತಹ ಉಬ್ಬುಗಳು. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಅಂತಲೇ ಕರೆಯುತ್ತಾರೆ.

ಇಲ್ಲಿ ಬೆಳಗಿನ ಹರಳುಗಳನ್ನು ಹುಡುಕಿದರೆ ಬರಿಗಣ್ಣಿಗೆ ಸಿಗುವುದಿಲ್ಲ. ಈ ಲಾವಾ ಹೊರಬಂದದ್ದು ನೀರಿನಡಿ. ಸಾವಿರ ಡಿಗ್ರಿಗೂ ಜಾಸ್ತಿ ಬಿಸಿ ಇದ್ದ ರಸ ತಣ್ಣೀರು ಸೋಕಿದ ಕೂಡಲೇ ಮೇಲೊಂದು ಗಟ್ಟಿ ಸಿಪ್ಪೆ ಕಟ್ಟಿತು. ಒಳಗಿನ ರಸ ಒತ್ತಿ ಸಿಪ್ಪೆ ಒಡೆಯಿತು, ಪಕ್ಕದಲ್ಲಿ ಇನ್ನೊಂದು ಉಂಡೆ ಉಬ್ಬಿತು. ಮೆತ್ತಗಿದ್ದಾಗಲೇ ಕೆಳಗಿನ ಎರಡು ಉಂಡೆಗಳ ಸಂದಿಗೆ ಮೇಲಿನದರ ಅಡಿ ಇಳಿಯುತ್ತದೆ. ಹಾಗಾಗಿ ನೆತ್ತಿ ಗುಂಡಗೆ, ಅಡಿ ಚೂಪು. ಆಮೇಲೆ ಪದರ ಮಗುಚಿಕೊಂಡಿದ್ದರೂ ಆಗ ಮೇಲೆ ಯಾವುದಿತ್ತು, ಕೆಳಗೆ ಯಾವುದಿತ್ತು ಎಂದು ಭೂವಿಜ್ಞಾನಿಗಳು ಇದರಿಂದ ಹೇಳಬಲ್ಲರು. ಹವಾಯಿ ದ್ವೀಪದ ಬಳಿ ಸಮುದ್ರದೊಳಗೆ ಇಂಥ ದಿಂಬುಗಳು ನಮ್ಮ ಕಾಲದಲ್ಲೂ ಹುಟ್ಟುತ್ತಿವೆ, ಮುಳುಗುಗಾರರು ವಿಡಿಯೋ ಮಾಡಿದ್ದಾರೆ. ಮಳೆಗೆ ಬಾಯಿ ಬಿಟ್ಟು ಕೂತಿರುವ ಈ ಬಯಲುಸೀಮೆ ಒಮ್ಮೆ ಕಡಲ ತಳವಾಗಿತ್ತು ಎಂದಾಗ ಮಕ್ಕಳು ಸುತ್ತಲಿನ ಒಣನೆಲವನ್ನು ಇನ್ನೊಮ್ಮೆ ನೋಡಿದರು.

ಯಾವಾಗ? 250 ಕೋಟಿ ವರ್ಷಕ್ಕೂ ಹಿಂದೆ. ಈ ಸಂಖ್ಯೆ ದೊಡ್ಡವರ ತಲೆಗೂ ಇಳಿಯುವುದಿಲ್ಲ. ಅದಕ್ಕೇ 46 ಮೀಟರ್ ಹಗ್ಗ ಒಯ್ದಿದ್ದೆ. ಭೂಮಿಗೆ ಸುಮಾರು 460 ಕೋಟಿ ವರ್ಷ, ಅಂದರೆ ಮೀಟರಿಗೆ 10 ಕೋಟಿ. ಒಬ್ಬ ಹುಡುಗ ಇಂದಿನ ತುದಿ ಹಿಡಿದ. ಮರಡಿಹಳ್ಳಿಯ ಲಾವಾ ಅವನಿಂದ 25 ಮೀಟರಿಗೂ ಆಚೆ! ಆಗ ಗಿಡವಿಲ್ಲ, ಪ್ರಾಣಿಯಿಲ್ಲ, ಗಾಳಿಯಲ್ಲಿ ಆಮ್ಲಜನಕವೂ ಇಲ್ಲವೆನ್ನುವಷ್ಟು ಕಡಿಮೆ. ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ಡೈನೋಸಾರ್‌ಗಳು ಅಳಿದದ್ದು ತುದಿಯಿಂದ 66 ಸೆಂಟಿಮೀಟರ್ ಹಿಂದೆ. ನಮ್ಮಂಥ ಮನುಷ್ಯರು ಬಂದದ್ದು ಕೊನೆಯ 3 ಮಿಲಿಮೀಟರಿನಲ್ಲಿ. ಮದಕರಿ ನಾಯಕನ ಕೋಟೆ ಹೈದರಾಲಿಯ ಕೈಸೇರಿದ 1779ನೇ ಇಸವಿ ಎಲ್ಲಿ ಎಂದು ಕೇಳಿದೆ. ಎಲ್ಲರೂ ಹಗ್ಗದ ತುದಿಗೆ ಬಗ್ಗಿದರು. ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ದೂರ ಅದು, ಕಾಣುವುದಾದರೂ ಹೇಗೆ?

ನೀವೂ ಮಕ್ಕಳನ್ನು ಕರೆದೊಯ್ಯುವುದಾದರೆ ಕೋಟೆ ಮೊದಲು, ಮರಡಿಹಳ್ಳಿ ಆಮೇಲೆ ಇರಲಿ. ದೊಡ್ಡ ಹರಳು ನೋಡಿದ ಕಣ್ಣಿಗೇ ಇಲ್ಲಿನ ನುಣುಪು ತಿಳಿಯುವುದು. ಟೋಪಿ, ನೀರು, ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಸುತ್ತಿಗೆ ಬೇಡ. ಸ್ಮಾರಕದ ಒಂದು ಚೂರನ್ನೂ ಒಡೆಯಬಾರದು. ನೆನಪಿಗೆ ಕಲ್ಲು ಬೇಕೆನ್ನುವ ಮಕ್ಕಳಿಗೆ ಊರಿನ ಜಲ್ಲಿರಾಶಿ ತೋರಿಸಿ, ಅಲ್ಲೂ ಹರಳು ಹುಡುಕಬಹುದು.