ಎಸ್‌ಎಫ್6 ಬದಲಿ ಅನಿಲಗಳು: ಕಲಬುರಗಿಯ ಬೇಸಿಗೆಯಲ್ಲಿ ಪರೀಕ್ಷೆ

ಎಸ್‌ಎಫ್6 (ಸಲ್ಫರ್ ಹೆಕ್ಸಾಫ್ಲೋರೈಡ್) ಎಂದರೆ ವಿದ್ಯುತ್ ಪ್ಯಾನೆಲ್‌ಗಳಲ್ಲಿ ಕಿಡಿ ಹಾರದಂತೆ ತಡೆಯುವ ಅನಿಲ. ಅದರ ಬದಲಿಗೆ ಬರಬಹುದಾದ ಅನಿಲಗಳು ಎಷ್ಟು ವೋಲ್ಟೇಜ್ ತಡೆಯುತ್ತವೆ ಎಂದು ನೋಡಲು ಟೆಸ್ಟ್ ಸೆಲ್ ಸಿದ್ಧ. ಸ್ಟೇನ್‌ಲೆಸ್ ಪಾತ್ರೆ, ಒಳಗೆ 50 ಮಿ.ಮೀ. ವ್ಯಾಸದ ಎರಡು ಹಿತ್ತಾಳೆ ಗೋಳ, ನಡುವೆ 5 ಮಿ.ಮೀ. ಗ್ಯಾಪ್. ಒತ್ತಡ ತಡೆಯುತ್ತದೋ ಎಂದು ನೀರು ತುಂಬಿ ನೋಡಿದೆವು. ಈ ಪರೀಕ್ಷೆಯನ್ನು ಗಾಳಿ ತುಂಬಿ ಮಾಡಬಾರದು, ಒಡೆದರೆ ಚೂರು ಹಾರುತ್ತವೆ.

ಮೊದಲು ಕೋಣೆಯ ಗಾಳಿ. ಪ್ರಮಾಣಿತ ಕೋಷ್ಟಕದಲ್ಲಿ 20 ಡಿಗ್ರಿ, 101.3 ಕಿಲೋಪಾಸ್ಕಲ್‌ಗೆ ಈ ಗ್ಯಾಪ್‌ನಲ್ಲಿ 17.4 ಕೆವಿ ಪೀಕ್‌ಗೆ (ಎಸಿ ಅಲೆಯ ತುದಿಯ ವೋಲ್ಟೇಜ್) ಕಿಡಿ ಹಾರಬೇಕು. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ವಾಯುಭಾರ 96ರ ಆಸುಪಾಸು. ಕೋಣೆ 36 ಡಿಗ್ರಿ ಇದ್ದರೆ ಸಾಂದ್ರತೆ 0.9 ಪಟ್ಟು. ಅಂದರೆ 15.6 ಪೀಕ್, ಆರ್‌ಎಂಎಸ್ (ಎಸಿಯ ಪರಿಣಾಮಕಾರಿ ಬೆಲೆ) 11 ಕೆವಿ. ಇದು ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ, ಮೀಟರ್ ನೋಡಿ. ಹೊಸದಾಗಿ ಪಾಲಿಶ್ ಮಾಡಿದ ಗೋಳಗಳ ಮೊದಲ ಹತ್ತಾರು ಕಿಡಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತುಂಬುವಾಗ 1 ಮಿಲಿಬಾರ್‌ಗಿಂತ ಕೆಳಗೆ ನಿರ್ವಾತ, ಅರ್ಧ ತಾಸು ಬಿಡುವುದು, ಪರೀಕ್ಷಿಸುವ ಅನಿಲದಿಂದಲೇ ಒಮ್ಮೆ ತೊಳೆದು ಮತ್ತೆ ನಿರ್ವಾತ. ವೆಲ್ಡಿಂಗ್ ಅಂಗಡಿಯ ಕಾರ್ಬನ್ ಡೈಆಕ್ಸೈಡ್‌ನಲ್ಲಿ ತೇವ ಇರಬಹುದು, 3ಎ ಮಾಲಿಕ್ಯುಲರ್ ಸೀವ್ (ತೇವ ಹೀರುವ, ಸೂಕ್ಷ್ಮ ರಂಧ್ರಗಳ ಕಾಳು) ಮೂಲಕ ಹಾಯಿಸಿ. ದೊಡ್ಡ ರಂಧ್ರದ 13ಎಕ್ಸ್ ಹಾಕಿದರೆ ಅದು ಅನಿಲವನ್ನೇ ಹೀರುತ್ತದೆ.

ತೊಡಕು ಗೇಜ್‌ನದ್ದು. ಅನಿಲದ ತಡೆಶಕ್ತಿ ನಿಂತಿರುವುದು ಸಾಂದ್ರತೆಯ ಮೇಲೆ. 20 ಡಿಗ್ರಿಯಲ್ಲಿ 3 ಬಾರ್ ನಿರಪೇಕ್ಷ ಒತ್ತಡ ಬೇಕಿದ್ದರೆ, 42 ಡಿಗ್ರಿಯಲ್ಲಿ 3.23 ತುಂಬಬೇಕು, ಹೊರಗಿನ ವಾಯುಭಾರ 0.96 ಬಾರ್ ಕಳೆದು ಗೇಜ್‌ನಲ್ಲಿ 2.27. ಇದನ್ನು ಮರೆತವರು ಏಳು ಶೇಕಡಾ ಕಡಿಮೆ ಅನಿಲದಲ್ಲಿ ಪರೀಕ್ಷಿಸಿ, ಅನಿಲವೇ ದುರ್ಬಲ ಎಂದು ಬರೆದುಬಿಡುತ್ತಾರೆ. ರಾತ್ರಿ 15 ಡಿಗ್ರಿ ಇಳಿದರೆ ಮುಳ್ಳು 0.15 ಬಾರ್ ಇಳಿಯುತ್ತದೆ. ಅದು ಸೋರಿಕೆಯಲ್ಲ, ಓ-ರಿಂಗ್ ಬಿಚ್ಚಬೇಡಿ. ಥರ್ಮಾಮೀಟರ್ ಪಾತ್ರೆಯ ಮೈಗೇ ಅಂಟಿಸಿ. ಕಾದ ಫರಶಿ ಕಲ್ಲಿನ ಮೇಲಿಟ್ಟ ಪಾತ್ರೆ ಕೋಣೆಗಿಂತ ಬಿಸಿಯಿರುತ್ತದೆ.

ಹೋಲಿಕೆಯಲ್ಲಿ ನೈಟ್ರೋಜನ್ ಒಣಗಾಳಿಗಿಂತ ತುಸು ಹಿಂದೆ, ಏಕೆಂದರೆ ಎಲೆಕ್ಟ್ರಾನ್ ಹಿಡಿಯುವ ಆಕ್ಸಿಜನ್ ಅದರಲ್ಲಿಲ್ಲ. ಎಸ್‌ಎಫ್6 ಎದುರು ಒಣಗಾಳಿಯ ಬಲ ಮೂರನೇ ಒಂದು ಪಾಲು. ಕಾರ್ಬನ್ ಡೈಆಕ್ಸೈಡ್‌ನ ನಿಜವಾದ ಬಲ ಆರ್ಕ್ ಆರಿಸುವುದರಲ್ಲಿದೆ, ಈ ಸೆಲ್ ಅದನ್ನು ಅಳೆಯುವುದಿಲ್ಲ. 11 ಕೆವಿ ಪ್ಯಾನೆಲ್‌ನಲ್ಲಿ ಆ ಕೆಲಸ ವ್ಯಾಕ್ಯೂಮ್ ಇಂಟರಪ್ಟರ್‌ನದ್ದು (ನಿರ್ವಾತದೊಳಗೆ ವಿದ್ಯುತ್ ಕಡಿಯುವ ಸಾಧನ). ಅಲ್ಲಿ 28 ಕೆವಿ ಪರೀಕ್ಷಾ ವೋಲ್ಟೇಜ್ ತಡೆಯಲು ಒಣಗಾಳಿಯೇ ಸಾಕು ಎಂಬುದು ನಮ್ಮ ಅಂದಾಜು.

ಫ್ಲೋರೋನೈಟ್ರೈಲ್ ಮಿಶ್ರಣ ಪಟ್ಟಿಯಿಂದ ಹೊರಗೆ. ಫ್ಲೋರೋನೈಟ್ರೈಲ್‌ನ ಕುದಿಬಿಂದು ಮೈನಸ್ 4.7 ಡಿಗ್ರಿ, ಬೀದರ್ ಚಳಿಗೂ ಮಿಶ್ರಣ ದ್ರವವಾಗದು. ಆದರೆ ಅದು ಪಿಎಫ್‌ಎಎಸ್ (ಪರಿಸರದಲ್ಲಿ ಸುಲಭವಾಗಿ ಕರಗದ ಫ್ಲೋರಿನ್ ರಾಸಾಯನಿಕಗಳು) ಗುಂಪಿನದು, ಅದನ್ನು ತಯಾರಿಸುತ್ತಿದ್ದ 3ಎಂ ಕಂಪನಿ 2025ರ ಕೊನೆಗೆ ಪಿಎಫ್‌ಎಎಸ್ ತಯಾರಿಕೆ ನಿಲ್ಲಿಸುವುದಾಗಿ 2022ರಲ್ಲೇ ಘೋಷಿಸಿತ್ತು.

ಮುಂದೆ ಸೂಜಿ ಎಲೆಕ್ಟ್ರೋಡ್. ಒಣಗಾಳಿಯ ಕಿಡಿಗಳಿಂದ ನೈಟ್ರೋಜನ್ ಆಕ್ಸೈಡ್ ಹುಟ್ಟುತ್ತದೆ, ತೇವ ಸೇರಿದರೆ ಹಿತ್ತಾಳೆ ಹಸಿರಾಗುತ್ತದೆ. ಅನಿಲವನ್ನು ಕಿಟಕಿಯಾಚೆಗೆ ಬಿಟ್ಟು, ಗೋಳಗಳನ್ನು ಆಲ್ಕೋಹಾಲ್‌ನಿಂದ ಒರೆಸಿಯೇ ಸೂಜಿಗೆ ಬದಲಿಸುವುದು.